ಸ್ಟೇಡಿಯಂನಲ್ಲಿ ಕೂತು ನೋಡಿ ನೀವು ಮೂಗಿನ ಮೇಲೆ ಬೆರಳಿಟ್ಟಿದ್ದು ಯಾರ ಆಟಕ್ಕೆ? (ಬೇಸ್‌ಬಾಲ್)

ಕೋವ್ ಬದಿಯವ

ಸೀಸನ್ ಶುರುವಾದರೆ ನಮ್ಮ ಗುಂಪಿನಲ್ಲಿ ಲೆಕ್ಕದ ಜಗಳವೇ ಜಾಸ್ತಿ. ಯಾರ ಸರಾಸರಿ ಎಷ್ಟು, ಯಾರಿಗೆ ಎಷ್ಟು ಮಿಲಿಯನ್ ಕೊಟ್ಟರು, ಇದೇ ಮಾತು. ಇಲ್ಲಿ ಅದು ಬೇಡ. ನೀವೇ ಸ್ಟೇಡಿಯಂಗೆ ಹೋಗಿ ನೋಡಿದ ಆಟಗಾರರ ಬಗ್ಗೆ ಬರೆಯಿರಿ. ಟಿವಿಯಲ್ಲಿ ಕಾಣದ ಏನೋ ಒಂದು ಅಲ್ಲಿ ಕಂಡಿರುತ್ತದೆ ಅಲ್ವಾ, ಅದನ್ನು ಹೇಳಿ.

ನಾನು ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ತಂಡದ ಕಡೆಯವನು. ಹಾಗಾಗಿ ಮೊದಲ ಹೆಸರು ಬ್ಯಾರಿ ಬಾಂಡ್ಸ್. ಬೈಯುವವರು ಸ್ವಲ್ಪ ತಡೆಯಿರಿ, ಪೂರ್ತಿ ಓದಿ.

2004ರಲ್ಲಿ ಅವನ ಆಟ ನೋಡೋಕೆ ಹೋದವರಿಗೆಲ್ಲ ಒಂದೇ ಗೋಳು. ಎದುರಾಳಿಗಳು ಅವನಿಗೆ ಹೊಡೆಯುವಂಥ ಚೆಂಡೇ ಹಾಕುತ್ತಿರಲಿಲ್ಲ. ಆ ವರ್ಷ 232 ವಾಕ್ (ನಾಲ್ಕು ಕೆಟ್ಟ ಚೆಂಡು ಬಂದರೆ ಬ್ಯಾಟರ್‌ಗೆ ಸುಮ್ನೆ ಸಿಗುವ ಮೊದಲ ಬೇಸ್). ಅದರಲ್ಲಿ 120 ಬೇಕಂತಲೇ ಕೊಟ್ಟಿದ್ದು. ಕ್ಯಾಚರ್ ಎದ್ದು ನಿಂತು ಪಕ್ಕಕ್ಕೆ ಕೈ ಚಾಚಿದರೆ ಸಾಕು, ಇಡೀ ಸ್ಟೇಡಿಯಂ ಕೂಗಿ ಬೈಯುತ್ತಿತ್ತು. ಎದುರಾಳಿ ಹೆದರಿದ ಅಂತ ಅಣಕಿಸೋಕೆ ಗ್ಯಾಲರಿಯಲ್ಲಿ ರಬ್ಬರ್ ಕೋಳಿಗಳನ್ನು ನೇತು ಹಾಕುತ್ತಿದ್ದರು.

ಹತ್ತಿರದಿಂದ ನೋಡಿದಾಗ ಅವನ ಹೊಡೆತಕ್ಕಿಂತ ಹೊಡೆಯದೆ ಬಿಡುವ ರೀತಿ ನನ್ನನ್ನು ಹಿಡಿಯಿತು. ಬೇರೆ ಬ್ಯಾಟರ್‌ಗಳು ಕೆಟ್ಟ ಚೆಂಡಿಗೆ ಅರ್ಧ ಬೀಸಿ ತಡೆದುಕೊಳ್ಳುತ್ತಾರೆ. ಭುಜ ಅಲುಗುತ್ತದೆ, ಮೊಣಕಾಲು ಬಗ್ಗುತ್ತದೆ. ಇವನದು ಏನೂ ಅಲುಗುತ್ತಿರಲಿಲ್ಲ. ಪ್ಲೇಟ್‌ನಿಂದ (ಬ್ಯಾಟರ್ ಮುಂದೆ ನೆಲದಲ್ಲಿರುವ ಹಲಗೆ) ಒಂದೆರಡು ಇಂಚು ಆಚೆ ಹೋಗುವ ಚೆಂಡನ್ನು ಕ್ಯಾಚರ್ ಗ್ಲೌಸ್ ತನಕ ನೋಡಿ ಕಳಿಸುತ್ತಿದ್ದ, ಅಷ್ಟೇ. ಇಡೀ ಸಂಜೆ ಕಾದರೆ ಹೊಡೆಯಬಹುದಾದ ಚೆಂಡು ಒಂದೋ ಎರಡೋ ಬರುತ್ತಿತ್ತು. ಅಷ್ಟು ಹೊತ್ತು ಸುಮ್ನೆ ನಿಂತವನಿಗೆ ಆ ಒಂದು ಚೆಂಡು ಹೇಗೆ ಸಿಗುತ್ತಿತ್ತೋ! ಆ ಸೀಸನ್‌ನಲ್ಲಿ 45 ಹೋಮ್ ರನ್ (ಗೋಡೆ ದಾಟುವ ಹೊಡೆತ, ಕ್ರಿಕೆಟ್‌ನ ಸಿಕ್ಸರ್ ಹಾಗೆ), ಸ್ಟ್ರೈಕ್‌ಔಟ್ (ಮೂರು ಸಲ ತಪ್ಪಿ ಔಟ್ ಆಗೋದು) 41 ಮಾತ್ರ.

ಎರಡನೆಯವನು ನಮ್ಮ ಪಿಚರ್ (ಚೆಂಡು ಎಸೆಯುವವ) ಟಿಮ್ ಲಿನ್ಸಿಕಮ್. ಈಗ ನಮ್ಮ ಸ್ಟೇಡಿಯಂನಲ್ಲಿ ಬುಲ್‌ಪೆನ್ ಸೆಂಟರ್ ಫೀಲ್ಡ್ ಗೋಡೆಯ ಹಿಂದೆ ಇದೆ. 2020ಕ್ಕೆ ಮುಂಚೆ ಅದು ಮೈದಾನದ ಅಂಚಿನಲ್ಲೇ ಇತ್ತು. ಬೇಗ ಹೋದರೆ ಪಿಚರ್ ಕೈ ಬಿಸಿ ಮಾಡಿಕೊಳ್ಳೋದನ್ನು ಪಕ್ಕದಲ್ಲೇ ನಿಂತು ನೋಡಬಹುದಿತ್ತು. ಲಿನ್ಸಿಕಮ್ ಎತ್ತರ 5 ಅಡಿ 11 ಇಂಚು, ಮೈಯಲ್ಲಿ ಮಾಂಸವೇ ಇಲ್ಲ. ಬೀದಿಯಲ್ಲಿ ಸಿಕ್ಕಿದ್ದರೆ ಯಾವುದೋ ಕಾಲೇಜು ಹುಡುಗ ಅಂದುಕೊಂಡು ಮುಂದೆ ಹೋಗುತ್ತಿದ್ದೆ. ಅವನು ಎಸೆಯುವಾಗ ಇಡುವ ಹೆಜ್ಜೆ ಅವನ ಎತ್ತರಕ್ಕಿಂತ ಉದ್ದ. ಮೈಯೆಲ್ಲ ಹಿಂದಕ್ಕೆ ತಿರುಚಿ, ಆಮೇಲೆ ಒಂದೇ ಸಲ ಬಿಡುತ್ತಿದ್ದ. ಆ ಗ್ಲೌಸ್ ಸದ್ದು ಕೇಳಿದ ಮೇಲೆ 2008, 2009 ಎರಡೂ ವರ್ಷ ವರ್ಷದ ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಬಂದಿದ್ದು ನನಗೆ ಆಶ್ಚರ್ಯ ಅನಿಸಲಿಲ್ಲ.

ನಿಮ್ಮವರು ಯಾರು?

ಮಳೆ ಸೀಟಲ್

ಲೆಕ್ಕ ಬೇಡ ಅಂತ ಹೇಳಿ ನೀವೇ ನಾಲ್ಕು ಲೆಕ್ಕ ಹಾಕಿಬಿಟ್ರಲ್ಲ ಗುರುವೇ 😀

ಬಾಂಡ್ಸ್ ವಿಷಯಕ್ಕೆ ಆಮೇಲೆ ಬರ್ತೀನಿ. ನನ್ನ ಓಟು ನಮ್ಮ ಸೀಟಲ್ ಮ್ಯಾರಿನರ್ಸ್‌ಗೆ ಜಪಾನಿನಿಂದ ಬಂದ ಇಚಿರೋಗೆ. ಟಿವಿ ಅವನಿಗೆ ಮಾಡಿದಷ್ಟು ಮೋಸ ಇನ್ಯಾರಿಗೂ ಮಾಡಿಲ್ಲ. ಟಿವಿಯಲ್ಲಿ ನೋಡಿದವರಿಗೆ ಅವನು ಸಣ್ಣ ಸಣ್ಣ ಸಿಂಗಲ್ (ಒಂದೇ ಬೇಸ್ ಸಿಗುವ ಹೊಡೆತ) ಕದಿಯುವ ಆಟಗಾರ. 2004ರ 262 ಹಿಟ್‌ಗಳಲ್ಲಿ 225 ಸಿಂಗಲ್ಲೇ, ಅದು ನಿಜ. 1920ರಿಂದ ಅಲುಗದೆ ಇದ್ದ ಜಾರ್ಜ್ ಸಿಸ್ಲರ್‌ನ ಒಂದೇ ಸೀಸನ್‌ನ 257 ಹಿಟ್ ದಾಖಲೆ ಹೀಗೆ ಮುರಿಯಿತು. ಆದರೆ ಮ್ಯಾಚ್‌ಗೆ ಮುಂಚೆ ಬ್ಯಾಟಿಂಗ್ ಪ್ರ್ಯಾಕ್ಟೀಸ್ ನೋಡಬೇಕಿತ್ತು. ಬಲಗಡೆ ಗೋಡೆಯ ಆಚೆಗೆ ಒಂದಾದ ಮೇಲೆ ಒಂದು ಕಳಿಸುತ್ತಿದ್ದ. ತಂಡದ ದೊಡ್ಡ ದೊಡ್ಡ ಹೊಡೆತಗಾರರು ಪಕ್ಕದಲ್ಲಿ ನಿಂತು ನೋಡುತ್ತಿದ್ದರು. ಆಟ ಶುರುವಾದ ಮೇಲೆ ಅದೇ ಮನುಷ್ಯ ಚೆಂಡನ್ನು ಶಾರ್ಟ್‌ಸ್ಟಾಪ್ (ಎರಡು, ಮೂರನೇ ಬೇಸ್ ನಡುವಿನ ಫೀಲ್ಡರ್) ಕಡೆ ಮೆಲ್ಲಗೆ ತಳ್ಳಿ ಓಡುತ್ತಿದ್ದ.

ಆ ಓಟವೂ ಸ್ಟೇಡಿಯಂನಲ್ಲೇ ಕಾಣಬೇಕು. ಟಿವಿ ಕ್ಯಾಮೆರಾ ಚೆಂಡಿನ ಹಿಂದೆ ಹೋಗುತ್ತದೆ. ಅವನ ಮೈ ಬ್ಯಾಟ್ ತಾಗುವ ಮುಂಚೆಯೇ ಮೊದಲ ಬೇಸ್ ಕಡೆ ವಾಲಿರುತ್ತಿತ್ತು. ಚೆಂಡು ಹಿಡಿದ ಶಾರ್ಟ್‌ಸ್ಟಾಪ್ ತಲೆ ಎತ್ತಿ ನೋಡಿದರೆ ಆಗಲೇ ಮುಕ್ಕಾಲು ದಾರಿ ಮುಗಿದಿರುತ್ತಿತ್ತು. ಆ ಗಾಬರಿಯಲ್ಲಿ ಎಸೆತ ಎಲ್ಲಿಗೋ ಹೋಗುತ್ತಿತ್ತು.

ಇನ್ನೊಂದು. ರೈಟ್ ಫೀಲ್ಡ್‌ನಲ್ಲಿ ಅವನು ಒಂದು ಕ್ಷಣವೂ ಸುಮ್ಮನೆ ನಿಲ್ಲುತ್ತಿರಲಿಲ್ಲ. ಎರಡು ಪಿಚ್‌ಗಳ ನಡುವೆ ಸೊಂಟ ಬಗ್ಗಿಸೋದು, ಭುಜ ತಿರುಗಿಸೋದು, ಕಾಲು ಎಳೆಯೋದು. 9 ಇನ್ನಿಂಗ್ಸ್ ಪೂರ್ತಿ ಇದೇ ಕೆಲಸ. ನಮ್ಮಮ್ಮ ಒಮ್ಮೆ ಜೊತೆಗೆ ಬಂದಿದ್ದರು, ಆಟದ ತಲೆಬುಡ ಗೊತ್ತಿಲ್ಲ. "ಆ ಹುಡುಗನೊಬ್ಬನೇ ನಿಯತ್ತಾಗಿ ಕೆಲಸ ಮಾಡ್ತಿದಾನೆ ನೋಡು" ಅಂದರು.

ಫ್ರೀಮಾಂಟ್ 88

ಇಚಿರೋ ಅಂದ್ರಿ, ನೆನಪಾಯ್ತು. 2001ರ ಏಪ್ರಿಲ್, ಓಕ್ಲಂಡ್ ಕೊಲಿಸಿಯಂ. ಅವನು ಮೇಜರ್ ಲೀಗ್‌ನಲ್ಲಿ ಆಡೋಕೆ ಶುರು ಮಾಡಿ ಇನ್ನೂ ಎರಡು ವಾರ ಆಗಿರಲಿಲ್ಲ. ನಮ್ಮ ಟೆರೆನ್ಸ್ ಲಾಂಗ್ ಮೊದಲ ಬೇಸ್‌ನಿಂದ ಮೂರನೆಯದಕ್ಕೆ ಓಡಿದ. ಚೆಂಡು ರೈಟ್ ಫೀಲ್ಡ್‌ಗೆ ಹೋಗಿತ್ತು, ಆರಾಮಾಗಿ ಸೇರಬೇಕಾದ ಓಟ. ಇಚಿರೋ ಎತ್ತಿ ಎಸೆದ. ನೆಲದಿಂದ ಹೆಚ್ಚು ಮೇಲೇಳದೆ ನೇರ ಗೆರೆ ಎಳೆದ ಹಾಗೆ ಮೂರನೇ ಬೇಸ್‌ಗೆ ಬಂತು. ಔಟ್. ನಾವೆಲ್ಲ ಎದುರು ತಂಡದವರು, ಆದರೂ ಬೈಯೋಕೆ ಬಾಯಿ ಬರಲಿಲ್ಲ.

ಆದರೆ ನನ್ನ ಮನುಷ್ಯ ನಮ್ಮ ಓಕ್ಲಂಡ್‌ನ ರಿಕಿ ಹೆಂಡರ್ಸನ್. 88ರಲ್ಲಿ ಈ ದೇಶಕ್ಕೆ ಬಂದಾಗ ನನಗೆ ಬೇಸ್‌ಬಾಲ್ ಅಂದರೆ ನಿದ್ದೆ. ರಿಕಿ ಬಂದು ಎಬ್ಬಿಸಿದ. ಮೊದಲ ಬೇಸ್‌ನಲ್ಲಿ ಅವನು ನಿಂತರೆ ಆಟವೇ ಬೇರೆ. ಕಾಲು ಅಗಲಿಸಿ ಬಗ್ಗಿ, ಕೈ ಕೆಳಗೆ ಬಿಟ್ಟು ಬೆರಳು ಆಡಿಸುತ್ತಿದ್ದ. ಪಿಚರ್ ತಿರುಗಿ ನೋಡುತ್ತಾನೆ, ಮತ್ತೆ ನೋಡುತ್ತಾನೆ. ಮೊದಲ ಬೇಸ್‌ಗೆ ಸುಮ್ನೆ ಎರಡು ಸಲ ಎಸೆಯುತ್ತಾನೆ. ಟಿವಿಯಲ್ಲಿ ಆಗ ಪಿಚರ್ ಮುಖ ತೋರಿಸುತ್ತಾರೆ. ಸ್ಟೇಡಿಯಂನಲ್ಲಿ ಪಿಚರ್‌ನನ್ನು ಯಾರೂ ನೋಡುತ್ತಿರಲಿಲ್ಲ, 40 ಸಾವಿರ ಜನರ ಕಣ್ಣು ಆ ಬೆರಳುಗಳ ಮೇಲೆ.

1991ರ ಮೇ 1ಕ್ಕೆ ಲೂ ಬ್ರಾಕ್‌ನ ದಾಖಲೆ ದಾಟಿದ, ಅದು 939ನೇ ಕದ್ದ ಬೇಸ್ (ಹೊಡೆತಕ್ಕೆ ಕಾಯದೆ ಮುಂದಿನ ಬೇಸ್‌ಗೆ ಓಡಿ ಸೇರೋದು). ಕೊನೆಗೆ 1406ಕ್ಕೆ ನಿಂತ. ದಾಖಲೆ ದಾಟಿದ ಆ ದಿನವೇ ರಾತ್ರಿ ಟೆಕ್ಸಾಸ್‌ನಲ್ಲಿ ನೋಲನ್ ರಯಾನ್ ತನ್ನ ಏಳನೇ ನೋ-ಹಿಟ್ಟರ್ (ಎದುರಾಳಿಗೆ ಒಂದೂ ಹಿಟ್ ಕೊಡದ ಮ್ಯಾಚ್) ಹಾಕಿದ. ಬೆಳಿಗ್ಗೆ ಪೇಪರ್ ತೆಗೆದರೆ ನಮ್ಮ ಹುಡುಗನಿಗೆ ಅರ್ಧ ಪುಟ. ಆ ಸಿಟ್ಟು ಇನ್ನೂ ಇದೆ.

ಸಿನ್ಸಿ

ಬಾಂಡ್ಸ್ ಹೆಸರು ಮೊದಲೇ ಹಾಕಿದ್ದಕ್ಕೆ ನನ್ನ ತಕರಾರು. ಬಾಲ್ಕೊ ಲ್ಯಾಬ್‌ನ ನಿಷೇಧಿತ ಔಷಧಿ ಪ್ರಕರಣ ಮರೆತು ಹೋಯ್ತಾ? ಆ ಲ್ಯಾಬ್ ಇದ್ದದ್ದು ನಿಮ್ಮ ಬರ್ಲಿಂಗೇಮ್‌ನಲ್ಲೇ. ಹಾಲ್ ಆಫ್ ಫೇಮ್ (ಮಹಾನ್ ಆಟಗಾರರ ಗೌರವಪಟ್ಟಿ) ಮತದಾರರು ಹತ್ತು ವರ್ಷ ಅವನನ್ನು ಬೇಡ ಅಂದರು. ಸುಮ್ನೆ ಬೇಡ ಅಂದರಾ?

ಕೋವ್ ಬದಿಯವ

ಮರೆತಿಲ್ಲ ಸರ್. ಅದಕ್ಕೇ ನಾನು ಹೋಮ್ ರನ್ ದೂರ ಹೊಗಳಲಿಲ್ಲ. ಚೆಂಡನ್ನು ಬಿಡುವ ಕಣ್ಣಿನ ಬಗ್ಗೆ ಮಾತ್ರ ಬರೆದೆ. 1990ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿದ್ದಾಗಲೇ ಅವನಿಗೆ ಎಂವಿಪಿ (ವರ್ಷದ ಶ್ರೇಷ್ಠ ಆಟಗಾರ ಪ್ರಶಸ್ತಿ) ಬಂದಿತ್ತು. ಆಗ ಕಡ್ಡಿಯ ಹಾಗಿದ್ದ. ಆ ಕಣ್ಣು ಆಗಲೂ ಇತ್ತು.

ಸಿನ್ಸಿ

ನಮ್ಮೂರು ಸಿನ್ಸಿನಾಟಿಯಲ್ಲಿ ಪೀಟ್ ರೋಸ್ ವಿಷಯ ಎತ್ತಿದರೂ ಇದೇ ತರ ವಾದ ಮಾಡ್ತಾರೆ. 4256 ಹಿಟ್ ಒಂದು ಕಡೆ, ಜೂಜು ಇನ್ನೊಂದು ಕಡೆ. ಸರಿ ಬಿಡಿ, ಇದು ಮುಗಿಯೋ ಜಗಳ ಅಲ್ಲ.

ನನ್ನದು ನಮ್ಮ ರೆಡ್ಸ್ ತಂಡದ ಎಲಿ ಡೆ ಲಾ ಕ್ರೂಜ್. 2023ರ ಜೂನ್, ಅವನ ಎರಡನೇ ಮ್ಯಾಚ್. ಎದುರಿಗೆ ಡಾಜರ್ಸ್. ಮೊದಲ ಹೋಮ್ ರನ್ 458 ಅಡಿ ಹೋಯಿತು. ಜನ ಅದನ್ನೇ ಹೇಳ್ತಾರೆ. ನನಗೆ ಅದೇ ಮ್ಯಾಚ್‌ನ ಟ್ರಿಪಲ್ (ಒಂದೇ ಹೊಡೆತಕ್ಕೆ ಮೂರನೇ ಬೇಸ್ ಸೇರೋದು) ಇಷ್ಟ. 6 ಅಡಿ 5 ಇಂಚಿನ ದೇಹ ಅಷ್ಟು ಬೇಗ ತಿರುಗಬಾರದು. ಉದ್ದ ಕಾಲಿನವರು ಬೇಸ್ ಹತ್ತಿರ ಅಗಲವಾಗಿ ಸುತ್ತಿ ಹೋಗುತ್ತಾರೆ. ಇವನು ಒಳಗಡೆಯೇ ಕತ್ತರಿಸಿಕೊಂಡು ಹೋದ. ಆಮೇಲೆ ಜುಲೈನಲ್ಲಿ ಮಿಲ್ವಾಕಿಯಲ್ಲಿ ಎರಡೇ ಪಿಚ್‌ಗಳಲ್ಲಿ ಎರಡನೇ ಬೇಸ್, ಮೂರನೇ ಬೇಸ್, ಹೋಮ್, ಈ ಮೂರನ್ನೂ ಕದ್ದ. ಅದನ್ನು ಟಿವಿಯಲ್ಲೇ ನೋಡಬೇಕಾಯ್ತು.

ಗ್ಯಾಲರಿ ಮಾಮ

ನಮಸ್ಕಾರ. ನಾನು ಬೆಂಗಳೂರಿನವನು, ನಿವೃತ್ತ. ಮಗನ ಮನೆಗೆ ಸ್ಯಾನ್ ಹೊಸೆಗೆ ಬಂದಿದ್ದೇನೆ. ಮಗ ಈ ಗುಂಪಿಗೆ ಸೇರಿಸಿದ. ಬೇಸ್‌ಬಾಲ್ ಈಗೀಗ ನೋಡುತ್ತಿದ್ದೇನೆ. ನಿಮ್ಮೆಲ್ಲರ ಮಾತು ಓದಿದೆ, ಚೆನ್ನಾಗಿದೆ. ಆದರೂ ಒಂದು ಅನುಮಾನ.

1974ರ ನವೆಂಬರ್‌ನಲ್ಲಿ ನಮ್ಮ ಈಗಿನ ಚಿನ್ನಸ್ವಾಮಿ ಸ್ಟೇಡಿಯಂನಲ್ಲಿ ಮೊದಲ ಟೆಸ್ಟ್ ನಡೆಯಿತು. ವೆಸ್ಟ್ ಇಂಡೀಸ್ ತಂಡದಲ್ಲಿ ಇಬ್ಬರು ಹೊಸಬರು. ಒಬ್ಬ ಗ್ರೀನಿಜ್, 93 ಮತ್ತು 107. ಎಲ್ಲರೂ ಅವನನ್ನೇ ಕೊಂಡಾಡಿದರು. ಇನ್ನೊಬ್ಬ 4 ಮತ್ತು 3. ಎರಡು ಸಲವೂ ಚಂದ್ರಶೇಖರ್ ಬೌಲಿಂಗ್, ಪ್ರಸನ್ನ ಕ್ಯಾಚ್. ಆ ಇನ್ನೊಬ್ಬನ ಹೆಸರು ವಿವಿಯನ್ ರಿಚರ್ಡ್ಸ್. ಗ್ಯಾಲರಿಯಲ್ಲಿ ನನ್ನ ಅಕ್ಕಪಕ್ಕ ಕೂತವರು, ಇವನನ್ನು ಯಾಕೆ ಕರ್ಕೊಂಡು ಬಂದರೋ ಅಂತ ನಗುತ್ತಿದ್ದರು. ಮುಂದಿನ ಟೆಸ್ಟ್ ದೆಹಲಿಯಲ್ಲಿ, 192 ನಾಟೌಟ್.

ಈಗ ನನ್ನ ಪ್ರಶ್ನೆ. ನೀವು ಸ್ಟೇಡಿಯಂನಲ್ಲಿ ಪ್ರತಿಭೆ ಕಂಡಿರಾ, ಅಥವಾ ಆಗಲೇ ಹೆಸರು ಮಾಡಿದವನನ್ನು ನೋಡಿ ಪ್ರತಿಭೆ ಅಂದಿರಾ?

ಜರ್ಸಿ ಹುಡುಗ

ಮಾಮ, ಒಂದೇ ಏಟಿಗೆ ಎಲ್ಲರ ಬಾಯಿ ಮುಚ್ಚಿಸಿದ್ರಿ.

ನಿಮ್ಮ ಮಾತಿಗೆ ನನ್ನ ಹತ್ತಿರ ಸಾಕ್ಷಿ ಇದೆ. ಆರನ್ ಜಡ್ಜ್. 2016ರ ಆಗಸ್ಟ್‌ನಲ್ಲಿ ನ್ಯೂಯಾರ್ಕ್ ಯಾಂಕೀಸ್‌ಗೆ ಬಂದ. ಮೊದಲ ಸಲ ಬ್ಯಾಟ್ ಹಿಡಿದಾಗಲೇ ಹೋಮ್ ರನ್. ಆಮೇಲೆ ಬರೀ ಗಾಳಿಗೆ ಬೀಸಿದ್ದೇ ಬೀಸಿದ್ದು. 27 ಮ್ಯಾಚ್, 42 ಸ್ಟ್ರೈಕ್‌ಔಟ್, ಸರಾಸರಿ .179. ಆ ದಿನಗಳಲ್ಲಿ ಬ್ರಾಂಕ್ಸ್‌ನಲ್ಲಿ ಕೂತು ನೋಡಿದವರಿಗೆ ಕಂಡಿದ್ದು 6 ಅಡಿ 7 ಇಂಚಿನ ಗೊಂದಲ. ನನ್ನ ಹಿಂದಿನ ಸಾಲಿನವರು ಬ್ಯಾಸ್ಕೆಟ್‌ಬಾಲ್ ಆಡೋಕೆ ಕಳಿಸಿ ಅಂತ ಕೂಗುತ್ತಿದ್ದರು. ಮರುವರ್ಷ 52 ಹೋಮ್ ರನ್. 2022ರಲ್ಲಿ 62, ರೋಜರ್ ಮ್ಯಾರಿಸ್‌ನ 1961ರ ಅಮೆರಿಕನ್ ಲೀಗ್ ದಾಖಲೆ ಹೋಯಿತು.

ಆದರೆ ಮಾಮ, 2016ರಲ್ಲೂ ಒಂದು ವಿಷಯ ಎಲ್ಲರಿಗೂ ಕೇಳುತ್ತಿತ್ತು. ಅಪರೂಪಕ್ಕೆ ತಾಗಿದಾಗ ಬರುವ ಸದ್ದು. ಬೇರೆಯವರದು ಹಾಗೆ ಕೇಳುತ್ತಿರಲಿಲ್ಲ.

ಗ್ಯಾಲರಿ ಮಾಮ

ಸದ್ದು ಅಂದಿರಿ, ಅದನ್ನು ಒಪ್ಪುತ್ತೇನೆ. ವಿಶ್ವನಾಥ್ ಸ್ಕ್ವೇರ್ ಕಟ್ ಹೊಡೆದರೆ ಕಣ್ಣು ಮುಚ್ಚಿಕೊಂಡಿದ್ದರೂ ಗೊತ್ತಾಗುತ್ತಿತ್ತು.

ಜರ್ಸಿ ಹುಡುಗ

ನಮ್ಮಲ್ಲಿ ಸದ್ದೇ ಇಲ್ಲದ ಪ್ರತಿಭೆ ಅಂದರೆ ಮರಿಯಾನೊ ರಿವೆರಾ. ಹಳೇ ಯಾಂಕೀ ಸ್ಟೇಡಿಯಂನಲ್ಲಿ ನೋಡಿದ್ದೇನೆ. ನಿಜ ಹೇಳಬೇಕಂದ್ರೆ ನೋಡೋಕೆ ಏನೂ ಇರಲಿಲ್ಲ. ಮೆಲ್ಲಗೆ ಎಸೆದ ಹಾಗೆ ಕಾಣುತ್ತದೆ. ಒಂದೇ ತರದ ಪಿಚ್, ಕಟರ್ (ಕೊನೆಯಲ್ಲಿ ಸ್ವಲ್ಪ ಪಕ್ಕಕ್ಕೆ ಜಾರುವ ಚೆಂಡು). ಬ್ಯಾಟರ್‌ಗೂ ಗೊತ್ತು, ನಮಗೂ ಗೊತ್ತು, ಬಿಯರ್ ಮಾರುವವನಿಗೂ ಗೊತ್ತು. ಆದರೂ ಚೆಂಡು ಬ್ಯಾಟಿನ ಹಿಡಿಕೆ ಹತ್ತಿರ ತಾಗಿ ಬ್ಯಾಟ್ ಎರಡು ತುಂಡು. ಹೀಗೇ 652 ಸೇವ್ (ಕೊನೆಯಲ್ಲಿ ಬಂದು ತಂಡದ ಗೆಲುವು ಉಳಿಸೋದು).

ಬೇಗ ಹೋದವರಿಗೆ ಇನ್ನೊಬ್ಬ ರಿವೆರಾ ಕಾಣುತ್ತಿದ್ದ. ಬ್ಯಾಟಿಂಗ್ ಪ್ರ್ಯಾಕ್ಟೀಸ್ ಹೊತ್ತಲ್ಲಿ ಸೆಂಟರ್ ಫೀಲ್ಡ್‌ನಲ್ಲಿ ಓಡಾಡಿ ಕ್ಯಾಚ್ ಹಿಡಿಯುತ್ತಿದ್ದ. ಕೆಲಸಕ್ಕಲ್ಲ, ಖುಷಿಗೆ. 2012ರಲ್ಲಿ ಕಾನ್ಸಾಸ್ ಸಿಟಿಯಲ್ಲಿ ಹಾಗೆ ಹಿಡಿಯೋಕೆ ಹೋಗಿಯೇ ಮೊಣಕಾಲಿನ ಲಿಗಮೆಂಟ್ ಹರಿದುಕೊಂಡ. ಆಗ 42 ವಯಸ್ಸು. ಮರುವರ್ಷ ವಾಪಸ್ ಬಂದು ಆಡಿ ನಿವೃತ್ತನಾದ.

ನೀಲಿ ಟೋಪಿ

ಇಷ್ಟು ಜನ ಬರೆದರೂ ನಮ್ಮ ಡಾಜರ್ಸ್‌ನ ಒಹ್ತಾನಿ ಹೆಸರು ಬರಲಿಲ್ಲ, ಪಿಚಿಂಗ್ ಬ್ಯಾಟಿಂಗ್ ಎರಡೂ ಮಾಡುವವನದು! ಜೈಂಟ್ಸ್ ಕಡೆಯವರು ಶುರು ಮಾಡಿದರೆ ಹೀಗೇ 😏

ಮಾಮನ ಪ್ರಶ್ನೆಗೆ ಒಹ್ತಾನಿ ಒಳ್ಳೆಯ ಉದಾಹರಣೆ, ಎರಡೂ ಕಡೆಗೆ. 2025ರ ಅಕ್ಟೋಬರ್‌ನಲ್ಲಿ ಅವನ ಬ್ಯಾಟ್ ಮಲಗಿಬಿಟ್ಟಿತ್ತು. ಪ್ಲೇಆಫ್‌ನಲ್ಲಿ ದಿನವೂ ಸ್ಟ್ರೈಕ್‌ಔಟ್. ಆ ವಾರ ಅವನನ್ನು ಮೊದಲ ಸಲ ನೋಡಲು ಬಂದವರಿದ್ದರೆ, ಇವನಿಗಾ 700 ಮಿಲಿಯನ್ ಡಾಲರ್ ಅಂತ ಕೇಳುತ್ತಿದ್ದರು. 17ನೇ ತಾರೀಕು ಮಿಲ್ವಾಕಿ ವಿರುದ್ಧ ನಾಲ್ಕನೇ ಮ್ಯಾಚ್. ನಮ್ಮ ಸೀಟು ಮೇಲಿನ ಡೆಕ್, ಮೊದಲ ಬೇಸ್ ಕಡೆ. ಟಿಕೆಟ್ ಬೆಲೆ ಕೇಳಬೇಡಿ, ಮನೆಯಲ್ಲಿ ಇನ್ನೂ ಮಾತು ಮುಗಿದಿಲ್ಲ.

ಪಿಚರ್ ಆಗಿ ಬಂದ. ಮೊದಲ ಬ್ಯಾಟರ್‌ಗೆ ವಾಕ್. ಆಮೇಲೆ ಮೂವರಿಗೂ ಸ್ಟ್ರೈಕ್‌ಔಟ್. ಟಿವಿಯಲ್ಲಿ ಆಗ ಜಾಹೀರಾತು ಬರುತ್ತದೆ. ನೀವು ಕಾರು, ಇನ್ಶೂರೆನ್ಸ್ ನೋಡುತ್ತೀರಿ. ನಾವು ನೋಡಿದ್ದು ಬೇರೆ. ಮೌಂಡ್‌ನಿಂದ (ಪಿಚರ್ ನಿಲ್ಲುವ ದಿಬ್ಬ) ನಡೆದು ಬಂದು ಡಗ್‌ಔಟ್ ಒಳಗೆ ಇಳಿದ. ಗ್ಲೌಸ್, ಟೋಪಿ ಬಿಚ್ಚಿಟ್ಟ. ಮೊಣಕೈ ಪ್ಯಾಡ್, ಹೆಲ್ಮೆಟ್, ಬ್ಯಾಟಿಂಗ್ ಗ್ಲೌಸ್ ಹಾಕಿಕೊಂಡು ಮತ್ತೆ ಮೇಲೆ ಬಂದ. ಅವನೇ ಮೊದಲ ಬ್ಯಾಟರ್. ಬೇರೆ ಪಿಚರ್‌ಗಳು ಆ ಹೊತ್ತಿಗೆ ಬೆಂಚ್ ಮೇಲೆ ಕೂತು ನೀರು ಕುಡಿಯುತ್ತಾರೆ. ಇವನಿಗೆ ಉಸಿರು ಬಿಡೋಕೂ ಬಿಡುವಿಲ್ಲ. ಬಂದು ಹೋಮ್ ರನ್ ಹೊಡೆದ.

ನಾಲ್ಕನೇ ಇನ್ನಿಂಗ್ಸ್‌ನಲ್ಲಿ ಇನ್ನೊಂದು, 469 ಅಡಿ. ಬಲಗಡೆ ಪೆವಿಲಿಯನ್ ಚಾವಣಿ ದಾಟಿ ಹೋಯಿತು. ನಮ್ಮ ಸೀಟಿನಿಂದ ಚೆಂಡು ಒಂದು ಹಂತದಲ್ಲಿ ಮಾಯ. ಜನ ಕಿರುಚಲಿಲ್ಲ, ನಕ್ಕರು. ಅಕ್ಕಪಕ್ಕದ ಅಪರಿಚಿತರೆಲ್ಲ ಒಬ್ಬರ ಮುಖ ಒಬ್ಬರು ನೋಡಿ ನಗುತ್ತಿದ್ದೆವು. ಏಳನೇ ಇನ್ನಿಂಗ್ಸ್‌ನಲ್ಲಿ ಮೂರನೆಯದು. ಅಷ್ಟರಲ್ಲಿ ಪಿಚರ್ ಆಗಿ ಹತ್ತು ಸ್ಟ್ರೈಕ್‌ಔಟ್, ರನ್ ಒಂದೂ ಕೊಟ್ಟಿರಲಿಲ್ಲ.

ಆದ್ದರಿಂದ ಮಾಮ, ಒಂದು ದಿನ ನೋಡಿ ಹೇಳಬಾರದು ಅನ್ನೋದು ಸರಿ. ಆದರೆ ಆ ಎರಡು ನಿಮಿಷದ ಡ್ರೆಸ್ ಬದಲಾವಣೆ ನೋಡಿದವರಿಗೆ ಇದು ಬೇರೆ ಜಾತಿಯ ಮನುಷ್ಯ ಅಂತ ಗೊತ್ತಾಗುತ್ತದೆ. ಅವನು ಹೊಡೆಯದೆ ಹೋಗಿದ್ದರೂ.

ಕೋವ್ ಬದಿಯವ

ಡಾಜರ್ಸ್‌ನವರನ್ನು ಹೊಗಳೋಕೆ ಕೈ ಬರಲ್ಲ. ಆದರೂ ಆ ಜಾಹೀರಾತಿನ ಮಾತು ನನಗೆ ಹಿಡಿಸಿತು. ಪ್ರತಿಭೆ ಅನ್ನೋದು ಆಟದ ಸಂದಿಯಲ್ಲೇ ಜಾಸ್ತಿ ಕಾಣುತ್ತದೆ. ಇಚಿರೋ ಸೊಂಟ ಬಗ್ಗಿಸೋದು, ರಿಕಿ ಬೆರಳು, ರಿವೆರಾ ಕ್ಯಾಚ್, ಎಲ್ಲ ಅಂಥದ್ದೇ. ಕ್ಯಾಮೆರಾ ಆಗ ಬೇರೆ ಕಡೆ ಇರುತ್ತದೆ.

ಮಳೆ ಸೀಟಲ್

ಹಾಗಾದ್ರೆ ಅವರು ನಿಜವಾಗಿ ಆಡಿದ್ದಕ್ಕೆ ಬೆಲೆ ಇಲ್ವಾ? ನನಗೆ ಇದು ಪೂರ್ತಿ ಒಪ್ಪಿಗೆ ಇಲ್ಲ. ಸಂದಿಯಲ್ಲಿ ಚೆನ್ನಾಗಿ ಕಾಣುವವರು ಎಷ್ಟೋ ಜನ ಇದ್ದಾರೆ. ಬ್ಯಾಟಿಂಗ್ ಪ್ರ್ಯಾಕ್ಟೀಸ್‌ನಲ್ಲಿ ಹುಲಿ, ಮ್ಯಾಚ್‌ನಲ್ಲಿ ಇಲಿ. ಸ್ಕೌಟ್‌ಗಳು (ಪ್ರತಿಭೆ ಹುಡುಕುವವರು) ಅಂಥವರಿಗೆ ಮೋಸ ಹೋಗುತ್ತಾರೆ ಅಂತಲೇ ಓಕ್ಲಂಡ್‌ನವರು ಕಣ್ಣನ್ನು ನಂಬೋದು ಬಿಟ್ಟು ಲೆಕ್ಕ ಹಿಡಿದರು. 2002ರಲ್ಲಿ ಸಾಲಾಗಿ 20 ಮ್ಯಾಚ್ ಗೆದ್ದರು ಕೂಡ.

ಫ್ರೀಮಾಂಟ್ 88

ಗೆದ್ದರು ಸರಿ. ಆ ತಂಡದಲ್ಲಿ ಹಡ್ಸನ್, ಮುಲ್ಡರ್, ಜಿಟೊ ಅಂತ ಮೂರು ಜನ ಪಿಚರ್‌ಗಳಿದ್ದರು. ಜಿಟೊಗೆ ಅದೇ ವರ್ಷ ಸೈ ಯಂಗ್. ಅವನ ಕರ್ವ್‌ಬಾಲ್ ಒಂದು ಸಲ ನೋಡಿದ್ದರೆ ಕ್ಯಾಲ್ಕುಲೇಟರ್ ಬೇಕಿರಲಿಲ್ಲ. ಬ್ಯಾಟರ್ ತಲೆಯ ಎತ್ತರಕ್ಕೆ ಹೊರಟು ಮೊಣಕಾಲಿಗೆ ಬಂದು ಬೀಳುತ್ತಿತ್ತು.

ಈಗ ತಂಡವೇ ಓಕ್ಲಂಡ್ ಬಿಟ್ಟು ಹೋಯಿತು. 2025ರಿಂದ ಸ್ಯಾಕ್ರಮೆಂಟೊದಲ್ಲಿ ಆಡ್ತಿದಾರೆ. ನಾನು ಅಲ್ಲಿಗೆ ಹೋಗಲ್ಲ.

ಗ್ಯಾಲರಿ ಮಾಮ

ನಿನ್ನೆ ಮಗ ಸ್ಯಾನ್ ಹೊಸೆ ಜೈಂಟ್ಸ್ (ದೊಡ್ಡ ಜೈಂಟ್ಸ್‌ಗೆ ಹುಡುಗರನ್ನು ತಯಾರು ಮಾಡುವ ಕೆಳ ಲೀಗ್ ತಂಡ) ಆಟಕ್ಕೆ ಕರೆದುಕೊಂಡು ಹೋದ. ಚಿಕ್ಕ ಸ್ಟೇಡಿಯಂ, ನಮ್ಮ ಕಡೆಯ ಜಿಲ್ಲಾ ಕ್ರೀಡಾಂಗಣದಷ್ಟು. ಎಲ್ಲ ಇಪ್ಪತ್ತರ ಆಸುಪಾಸಿನ ಹುಡುಗರು, ಒಬ್ಬರ ಹೆಸರೂ ನನಗೆ ಗೊತ್ತಿಲ್ಲ. ನನ್ನ ಪರೀಕ್ಷೆಗೆ ಇದೇ ಸರಿ ಅನಿಸಿತು. ಹೆಸರು ಗೊತ್ತಿಲ್ಲದೆ ನೋಡಿದರೆ ಯಾರು ಕಣ್ಣಿಗೆ ಬೀಳುತ್ತಾರೆ?

ಇಬ್ಬರು ಬಿದ್ದರು. ಒಬ್ಬ ಕ್ಯಾಚರ್. ಎಂಥ ಚೆಂಡು ಬಂದರೂ ಅವನ ಗ್ಲೌಸ್ ಅವಸರ ಪಡಲಿಲ್ಲ. ನಮ್ಮ ಕಿರ್ಮಾನಿ ಸ್ಟಂಪ್ ಹಿಂದೆ ನಿಂತ ಹಾಗೆ. ಇನ್ನೊಬ್ಬ ಪಿಚರ್, ಎರಡು ಇನ್ನಿಂಗ್ಸ್‌ನಲ್ಲೇ ಚೆನ್ನಾಗಿ ಹೊಡೆಸಿಕೊಂಡು ಆಚೆ ಹೋದ. ಆದರೂ ಅವನ ಕೈ ಬೀಸು ಇನ್ನೂ ಕಣ್ಣ ಮುಂದೆ ಇದೆ. ಹೆಸರು ಬರೆದಿಟ್ಟುಕೊಂಡಿಲ್ಲ, ಬೇಕಂತಲೇ.

ಕೋವ್ ಬದಿಯವ

ಮಾಮ, ಅದೇ ಮೈದಾನದಲ್ಲಿ ಲಿನ್ಸಿಕಮ್, ಬಮ್‌ಗಾರ್ನರ್, ಪೋಸಿ ಎಲ್ಲ ಆಡಿ ಮೇಲೆ ಹೋದವರು. ಪೋಸಿ ಕ್ಯಾಚರ್ರೇ. ನಿಮ್ಮ ಆ ಹುಡುಗ ಯಾರೋ ಏನೋ!

ಗ್ಯಾಲರಿ ಮಾಮ

ನೋಡೋಣ. ಇನ್ನೊಂದು ಪ್ರಶ್ನೆ. ನಮ್ಮ ದೇಶದವರು ಯಾರೂ ಇಲ್ಲಿ ಆಡಿಲ್ಲವೇ?

ಮೂರು ನದಿ

ಪಿಟ್ಸ್‌ಬರ್ಗ್‌ನಿಂದ ನಾನು ಉತ್ತರ ಕೊಡ್ತೀನಿ ಮಾಮ. 2008ರಲ್ಲಿ ರಿಂಕು ಸಿಂಗ್, ದಿನೇಶ್ ಪಟೇಲ್ ಅಂತ ಉತ್ತರ ಪ್ರದೇಶದ ಇಬ್ಬರು ಹುಡುಗರಿಗೆ ನಮ್ಮ ಪೈರೇಟ್ಸ್ ತಂಡ ಕಾಂಟ್ರಾಕ್ಟ್ ಕೊಟ್ಟಿತು. ಜಾವೆಲಿನ್ ಎಸೆಯುತ್ತಿದ್ದವರು, ಒಂದು ಟಿವಿ ಸ್ಪರ್ಧೆಯಲ್ಲಿ ಸಿಕ್ಕವರು. ಇಬ್ಬರೂ ಮೈನರ್ ಲೀಗ್‌ನಲ್ಲೇ ಉಳಿದರು, ಮೇಜರ್‌ಗೆ ಬರಲಿಲ್ಲ. ರಿಂಕು ಆಮೇಲೆ ಕುಸ್ತಿಗೆ ಹೋದ, ಡಬ್ಲ್ಯುಡಬ್ಲ್ಯುಇ.

ಈಗ ನಮ್ಮ ಊರಿನಲ್ಲಿ ನೋಡಲೇಬೇಕಾದವನು ಪಾಲ್ ಸ್ಕೀನ್ಸ್. ಕ್ರಿಕೆಟ್‌ನವರಿಗೆ ಅರ್ಥ ಆಗೋ ಹಾಗೆ ಹೇಳ್ತೀನಿ. ನಿಮ್ಮ ಪಿಚ್ 66 ಅಡಿ, ಇಲ್ಲಿ ಮೌಂಡ್‌ನಿಂದ ಪ್ಲೇಟ್‌ಗೆ ಅರವತ್ತೂವರೆ. ಗಂಟೆಗೆ 160 ಕಿಲೋಮೀಟರ್ ಹತ್ತಿರ ಎಸೆಯುತ್ತಾನೆ. ಅಲ್ಲಿ ಚೆಂಡು ನೆಲಕ್ಕೆ ಬಿದ್ದು ವೇಗ ಕಳೆದುಕೊಳ್ಳುತ್ತದೆ, ಇಲ್ಲಿ ನೇರ ಬರುತ್ತದೆ. ಬ್ಯಾಟರ್‌ಗೆ ಅರ್ಧ ಸೆಕೆಂಡೂ ಇಲ್ಲ. 2025ರಲ್ಲಿ ಅವನ ಇಆರ್‌ಎ (9 ಇನ್ನಿಂಗ್ಸ್‌ಗೆ ಪಿಚರ್ ಕೊಟ್ಟ ರನ್ ಸರಾಸರಿ) 1.97, ಸೈ ಯಂಗ್‌ಗೆ ಎಲ್ಲ ಮತವೂ ಅವನಿಗೇ. ಆದರೂ ಗೆಲುವು 10, ಸೋಲು 10! ನಮ್ಮ ತಂಡ ರನ್ ಹೊಡೆಯೋದೇ ಇಲ್ಲ, ಅವನೇನು ಮಾಡ್ತಾನೆ ಪಾಪ.

ನೀಲಿ ಟೋಪಿ

ಅವನನ್ನು ಎಲ್ಲಿ ಕೂತು ನೋಡಬೇಕು? ಬೇಸಿಗೆಯಲ್ಲಿ ಆ ಕಡೆ ಬರೋ ಪ್ಲಾನ್ ಇದೆ.

ಮೂರು ನದಿ

ಪಿಚರ್ ನೋಡೋಕಾದ್ರೆ ಹೋಮ್ ಪ್ಲೇಟ್ ಹಿಂದೆ, ಸ್ವಲ್ಪ ಮೇಲಿನ ಸಾಲು. ಚೆಂಡು ಪಕ್ಕಕ್ಕೆ ಜಾರುವುದು ಅಲ್ಲಿಂದ ಮಾತ್ರ ಕಾಣುತ್ತದೆ. ಊರು, ನದಿ, ಸೇತುವೆ ಎಲ್ಲ ಬೇಕಂದ್ರೆ ಮೂರನೇ ಬೇಸ್ ಕಡೆ. ಮ್ಯಾಚ್ ದಿನ ಕ್ಲೆಮೆಂಟೆ ಸೇತುವೆಗೆ ಕಾರು ಬಿಡಲ್ಲ, ನಡೆದುಕೊಂಡೇ ಬರಬಹುದು. ಹೇಗೂ ನಮ್ಮವರೆಲ್ಲ ಪೆನ್ ಹಿಲ್ಸ್ ಕಡೆ ವೆಂಕಟೇಶ್ವರ ದೇವಸ್ಥಾನಕ್ಕೆ ಬರ್ತೀರಲ್ಲ. ಬೆಳಿಗ್ಗೆ ದರ್ಶನ, ಪುಳಿಯೋಗರೆ, ಸಂಜೆ ಮ್ಯಾಚ್. ಅರ್ಧ ಗಂಟೆ ದಾರಿ.

ಒಂದೇ ಎಚ್ಚರಿಕೆ. ಸ್ಕೀನ್ಸ್ ದಿನಾ ಎಸೆಯಲ್ಲ. ಐದಾರು ದಿನಕ್ಕೊಮ್ಮೆ ಸರದಿ. ಯಾವ ದಿನ ಯಾರು ಅಂತ ನೋಡದೆ ಟಿಕೆಟ್ ತಗೋಬೇಡಿ.

ಗ್ಯಾಲರಿ ಮಾಮ

ಮಗನಿಗೆ ಹೇಳಿದ್ದೇನೆ, ದೇವಸ್ಥಾನ ಅಂದ ತಕ್ಷಣ ಸೊಸೆಯೂ ಒಪ್ಪಿದಳು. ಒಂದು ವೇಳೆ ಸರದಿ ತಪ್ಪಿದರೆ?

ಮೂರು ನದಿ

ನಮ್ಮ ಬ್ಯಾಟರ್ ಒನೀಲ್ ಕ್ರೂಜ್ ಇರ್ತಾನೆ ಮಾಮ. 2025ರ ಮೇನಲ್ಲಿ ಅವನು ಹೊಡೆದ ಒಂದು ಚೆಂಡು ಬ್ಯಾಟಿನಿಂದ ಗಂಟೆಗೆ 122.9 ಮೈಲಿ ವೇಗದಲ್ಲಿ ಹೊರಟಿತು. ಸ್ಟ್ಯಾಟ್‌ಕಾಸ್ಟ್ ಅನ್ನೋ ವ್ಯವಸ್ಥೆ ವೇಗ ಅಳೆಯೋಕೆ ಶುರು ಮಾಡಿದ ಮೇಲೆ ಅಷ್ಟು ಜೋರಾಗಿ ಯಾರೂ ಹೊಡೆದಿರಲಿಲ್ಲ. ಗೇಟ್ ತೆಗೆಯೋ ಹೊತ್ತಿಗೇ ಬನ್ನಿ. ಸದ್ದು ಹೇಗಿತ್ತು ಅಂತ ನೀವೇ ಬಂದು ಇಲ್ಲಿ ಬರೆಯಿರಿ.